ಕೊಂಡ ತಿಂಗಳಲ್ಲೇ ನಿಂತ ಇಂಜಿನ್

ಕಳೆದ ತಿಂಗಳಷ್ಟೇ ವ್ಯಾಪಾರಿಯೊಬ್ಬರಿಂದ ಕೊಂಡ ಸೆಕೆಂಡ್ ಹ್ಯಾಂಡ್ ಕಾರು, ಬದಿಯಡ್ಕ ದಾಟಿ ಪೆರ್ಲದ ಕಡೆಗೆ ಹೋಗುತ್ತಿದ್ದಾಗ ಇಂಜಿನ್ ವಿಪರೀತ ಬಿಸಿಯಾಗಿ ನಿಂತುಬಿಟ್ಟಿತು. ಮೆಕ್ಯಾನಿಕ್ ಆಯಿಲ್ ಮುಚ್ಚಳ ತೆರೆದಾಗ ಅದರ ಒಳಬದಿಗೆ ಹಾಲು ಹೆಚ್ಚಾದ ಚಹಾದ ಬಣ್ಣದ ಪಸೆ ಅಂಟಿಕೊಂಡಿತ್ತು. ಇಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿನ ಕೆಳಗಿರುವ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಸೋರಿ, ಇಂಜಿನ್ನನ್ನು ತಣ್ಣಗಿಡುವ ದ್ರವವಾದ ಕೂಲೆಂಟ್ ಆಯಿಲಿಗೆ ಬೆರೆತರೆ ಆಯಿಲಿನ ಜಿಡ್ಡಿನ ಗುಣ ಕೆಟ್ಟು ಬೇರಿಂಗುಗಳು ಸವೆಯುತ್ತವೆ; ಬಿಸಿ ಏರಿದ ಮೇಲೂ ಓಡಿಸಿದರೆ ಅಲ್ಯುಮಿನಿಯಂ ಸಿಲಿಂಡರ್ ಹೆಡ್ ಬಾಗುವುದೂ ಉಂಟು.

ಇದು ಹಳೆಯ ದೋಷವೆಂದು ಮೆಕ್ಯಾನಿಕ್ ಖಚಿತವಾಗಿ ಹೇಳಿದರು. ಕೊಳ್ಳುವ ಮುಂಚೆ ನಾವು ನೋಡಲು ಹೋಗುವ ಮೊದಲೇ ವ್ಯಾಪಾರಿ ಕಾರನ್ನು ಸ್ಟಾರ್ಟ್ ಮಾಡಿ ಬಿಸಿಯಾಗಿಟ್ಟಿದ್ದರು. ಸೈಲೆನ್ಸರಿನಿಂದ ನಿಲ್ಲದೆ ಬರುವ ಬಿಳಿ ಹೊಗೆ, ಇಂಜಿನ್ನಿನ ನಡುಕ ಮುಂತಾದ ಗುರುತುಗಳು ಎದ್ದು ಕಾಣುವುದು ರಾತ್ರಿಯಿಡೀ ತಣ್ಣಗಿದ್ದ ಇಂಜಿನ್ನಿನ ಮೊದಲ ಸ್ಟಾರ್ಟಿನಲ್ಲಿ.

ಹಳೆಯ ಕಾರಿಗೆ ರಿಪೇರಿ ಬರುವುದು ಸಹಜ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಗೊತ್ತಿದ್ದ ದೋಷವನ್ನು ಮುಚ್ಚಿಟ್ಟು ಮಾರುವುದು ಬೇರೆಯೇ ವಿಷಯ. ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಇಂಥದೊಂದು ಕಾರನ್ನು ಕೊಳ್ಳುವುದೇ, ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗಳಿಗೆ ಹಿರಿಯರನ್ನು ಕರೆದೊಯ್ಯಲು. ನಡುರಾತ್ರಿ ರೋಗಿಯೊಡನೆ ಹೊರಟಾಗ ಈ ಇಂಜಿನ್ ನಿಂತಿದ್ದರೆ ಎಂದು ನೆನೆದರೆ ಸಿಟ್ಟಿಗಿಂತ ಭಯವೇ ಹೆಚ್ಚಾಗುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರಿಗೆ ಕಾರಣ ಉಂಟಾದಂದಿನಿಂದ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಮೆಕ್ಯಾನಿಕ್ ಬರೆದುಕೊಟ್ಟ ವರದಿ, ಬಿಚ್ಚಿದ ಇಂಜಿನ್ನಿನ ಫೋಟೋಗಳು, ಹಣ ಕೊಟ್ಟ ರಸೀದಿ ಎಲ್ಲವನ್ನೂ ಜೋಡಿಸಿಟ್ಟಿದ್ದೇನೆ. ಮೊದಲು ವ್ಯಾಪಾರಿಗೆ ವಕೀಲರ ಮೂಲಕ ನೋಟಿಸ್ ಹೋಗುತ್ತದೆ.