ಫಸಲು ಕೊಡೋಣ, ತೋಟ ಕೊಡುವುದು ಬೇಡ

ಸಿನಿಮಾ ಬಗ್ಗೆ ಬರೆಯುವವರು ಜಾಸ್ತಿ ಬರೆಯುವುದು ಕಥೆ, ಕ್ಯಾಮೆರಾ, ಪ್ರಶಸ್ತಿಗಳ ಬಗ್ಗೆ. ನನಗೆ ಬೇಕಿದ್ದ ಮಾಹಿತಿಯೇ ಬೇರೆ. ಸೆನೆಗಲ್‌ನಲ್ಲೋ ಲೆಸೋಥೋದಲ್ಲೋ ಕೂತು ಸಿನಿಮಾ ಮಾಡುವವರು ಸೌಂಡ್ ಹುಡುಗನಿಗೆ ಸಂಬಳ ಎಲ್ಲಿಂದ ತಂದು ಕೊಡುತ್ತಾರೆ? ಒಂದು ಸಿನಿಮಾ ಮುಗಿದ ಮೇಲೆ ಇನ್ನೊಂದಕ್ಕೆ ಕೈಹಾಕುವಷ್ಟು ಏನಾದರೂ ಉಳಿಯುತ್ತದಾ? ಹೊರದೇಶದವರು ದುಡ್ಡು ಹಾಕಿದರೆ ಸಿನಿಮಾ ಯಾರದ್ದಾಗುತ್ತದೆ? ಈ ಪ್ರಶ್ನೆಗಳನ್ನು ಇಟ್ಟುಕೊಂಡೇ ಆಫ್ರಿಕಾದ ಸಿನಿಮಾದವರ ಬಗ್ಗೆ ಓದುತ್ತಾ ಬಂದಿದ್ದೇನೆ. ಓದಿದಷ್ಟೂ ಇದು ನಮ್ಮ ವಿಷಯ ಅನ್ನಿಸುತ್ತಿದೆ.

ನಾನು ಸಾಗರದಲ್ಲಿ ಒಂದು ಸಣ್ಣ ಸ್ಟುಡಿಯೋ ನಡೆಸುತ್ತೇನೆ. ಮದುವೆ, ಉಪನಯನ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ ನಮ್ಮ ಹೊಟ್ಟೆಪಾಡು. ಮಳೆ ಹಿಡಿದ ಮೇಲೆ ಆ ಕೆಲಸ ನಿಲ್ಲುತ್ತದೆ. ಆಗ ಶುರುವಾಗುವುದು ನನ್ನ ಇಷ್ಟದ ಕೆಲಸ. ಶರಾವತಿ ಹಿನ್ನೀರಿನ ಊರುಗಳಿಗೆ ಹೋಗಿ ಅಲ್ಲಿನವರ ಮಾತು, ಬದುಕು ಚಿತ್ರೀಕರಿಸುತ್ತೇನೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆ ಆಯಿತು. ಅದಕ್ಕೆ ಮೊದಲು ಜನ, ಬಸ್ಸುಗಳನ್ನು ಹಿನ್ನೀರು ದಾಟಿಸುತ್ತಿದ್ದ ಲಾಂಚ್‌ಗಳ ಓಡಾಟವೆಲ್ಲ ನನ್ನ ಹಾರ್ಡ್ ಡಿಸ್ಕ್‌ನಲ್ಲಿದೆ. ಹಗ್ಗ ಎಸೆಯುವವರು, ಬಸ್ಸನ್ನು ಹಿಂದಕ್ಕೆ ಹಿಂದಕ್ಕೆ ಬಿಡಿಸಿ ಲಾಂಚಿಗೆ ಹತ್ತಿಸುವವರು, ಸಂಜೆಯ ಕೊನೆಯ ಲಾಂಚ್ ತಪ್ಪಿಸಿಕೊಂಡು ದಡದಲ್ಲಿ ಕೂತವರು. ಆ ದೃಶ್ಯ ಇನ್ನು ಯಾರಿಗೂ ಸಿಗುವುದಿಲ್ಲ.

ಮೊದಲು ಉಸ್ಮಾನ್ ಸೆಂಬೆನ್ ವಿಷಯ ಹೇಳುತ್ತೇನೆ. ಸೆನೆಗಲ್‌ನವರು. ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಕೆಲಸ ಮಾಡಿದವರು. ಆಮೇಲೆ ಕಾದಂಬರಿ ಬರೆದರು. ನಲವತ್ತರ ಹೊಸ್ತಿಲಲ್ಲಿ ಮಾಸ್ಕೋಗೆ ಹೋಗಿ ಸಿನಿಮಾ ಕಲಿತರು. ಅವರು ಹುಟ್ಟಿ ಬೆಳೆದ ಕಾಲದಲ್ಲಿ ಫ್ರೆಂಚ್ ವಸಾಹತುಗಳಲ್ಲಿ ಕ್ಯಾಮೆರಾ ಹಿಡಿಯುವುದೇ ಕಷ್ಟವಿತ್ತು. 1934ರಲ್ಲಿ ಬಂದ ಲಾವಾಲ್ ಆದೇಶದ ಪ್ರಕಾರ ಅಲ್ಲಿ ಏನನ್ನಾದರೂ ಚಿತ್ರೀಕರಿಸಬೇಕಾದರೆ ಸರ್ಕಾರದ ಅನುಮತಿ ಬೇಕು. ಅದೂ ಕಥೆ, ಜನ ಎಲ್ಲವನ್ನೂ ನೋಡಿದ ಮೇಲೆ. ಅಂದರೆ ತಮ್ಮದೇ ಊರಿನ ಚಿತ್ರ ತೆಗೆಯಲು ಪರದೇಶದವರ ಒಪ್ಪಿಗೆ!

ಸ್ವಾತಂತ್ರ್ಯ ಬಂತು. ಒಪ್ಪಿಗೆ ಕೇಳುವ ಜಾಗಕ್ಕೆ ದುಡ್ಡು ಕೇಳುವ ಕಷ್ಟ ಬಂತು. 1968ರಲ್ಲಿ ಸೆಂಬೆನ್ ವೊಲೋಫ್ ಭಾಷೆಯಲ್ಲಿ ಸಿನಿಮಾ ಮಾಡಿದಾಗ ಫ್ರಾನ್ಸಿನ ಹಣ ಬಂದಿತ್ತು. ಅದರ ಜೊತೆಗೆ ಫ್ರೆಂಚ್ ಭಾಷೆಯ ಇನ್ನೊಂದು ಆವೃತ್ತಿಯೂ ಬೇಕಾಯಿತು. ಅವರು ಎರಡನ್ನೂ ಮಾಡಿಕೊಟ್ಟರು, ಆದರೆ ವೊಲೋಫ್ ಬಿಡಲಿಲ್ಲ. ಡಕಾರ್‌ನಲ್ಲಿ ತಮ್ಮದೇ ನಿರ್ಮಾಣ ಸಂಸ್ಥೆ ಇಟ್ಟುಕೊಂಡರು. ಸಿನಿಮಾವನ್ನು ಹಳ್ಳಿಗಳಿಗೆ ಒಯ್ದು ತೋರಿಸಿ, ಜನರ ಜೊತೆ ಕೂತು ಚರ್ಚೆ ಮಾಡಿದರು.

ನನಗೆ ಅವರ ಮೇಲೆ ಅತಿ ಹೆಚ್ಚು ಗೌರವ ಬಂದದ್ದು 1988ರ ಸಿನಿಮಾಕ್ಕೆ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸ್ ಪರ ಹೋರಾಡಿ ವಾಪಸ್ ಬಂದ ಪಶ್ಚಿಮ ಆಫ್ರಿಕಾದ ಸೈನಿಕರು ಬಾಕಿ ಸಂಬಳ ಕೇಳಿದರು. ಅದಕ್ಕೆ 1944ರ ಡಿಸೆಂಬರ್ 1ರಂದು ಡಕಾರ್ ಹತ್ತಿರದ ತಿಯಾರೊಯ್ ಶಿಬಿರದಲ್ಲಿ ಫ್ರೆಂಚ್ ಸೇನೆ ಅವರ ಮೇಲೆಯೇ ಗುಂಡು ಹಾರಿಸಿತು. ಈ ಕಥೆಗೆ ಫ್ರಾನ್ಸ್ ಕಡೆ ಕೈಚಾಚಲು ಆಗುತ್ತದಾ? ಸೆನೆಗಲ್, ಅಲ್ಜೀರಿಯಾ, ಟ್ಯುನೀಶಿಯಾ ಮೂರೂ ದೇಶ ಸೇರಿ ದುಡ್ಡು ಹೊಂದಿಸಿದವು. ಸೆಂಬೆನ್ ಮತ್ತು ಚಿಯೆರ್ನೋ ಫಾಟಿ ಸೋ ಸೇರಿ ನಿರ್ದೇಶಿಸಿದರು. ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು. ಪಾಲುದಾರ ಅಂದರೆ ಶ್ರೀಮಂತ ದೇಶದವರೇ ಆಗಬೇಕು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅಕ್ಕಪಕ್ಕದವರೂ ಪಾಲುದಾರರಾಗಬಹುದು ಅನ್ನುವುದನ್ನು ಆ ಮನುಷ್ಯ ಮಾಡಿ ತೋರಿಸಿದರು.

ಇನ್ನು ನನ್ನ ಮೇಜಿನ ಮೇಲಿರುವ ಒಪ್ಪಂದ ಪತ್ರದ ವಿಷಯ. ದೂರದ ಊರಿನ ಒಂದು ಸಂಸ್ಥೆಗೆ ನನ್ನ ಲಾಂಚ್ ದೃಶ್ಯಗಳು ಬೇಕಂತೆ. ಒಳ್ಳೆಯ ಮಾತಾಡಿದರು, ಕೆಲಸ ಮೆಚ್ಚಿಕೊಂಡರು. ಪತ್ರ ಬಂದಾಗ ನೋಡಿದರೆ, ಚಿತ್ರೀಕರಿಸಿದ್ದಷ್ಟೂ ಅವರಿಗೆ. ಬಳಸಿದ್ದು, ಬಳಸದ್ದು ಎಲ್ಲಾ. ಶಾಶ್ವತವಾಗಿ, ಪ್ರಪಂಚದ ಎಲ್ಲ ಕಡೆ, ಈಗ ಇರುವ ಮತ್ತು ಮುಂದೆ ಬರಲಿರುವ ಎಲ್ಲ ಮಾಧ್ಯಮಗಳಲ್ಲಿ. ನನ್ನದೇ ದೃಶ್ಯ ನಾನು ತುಮರಿಯ ಶಾಲೆಯಲ್ಲಿ ತೋರಿಸಬೇಕಾದರೂ ಅವರನ್ನು ಕೇಳಬೇಕು. ಕೊಡುವ ಹಣ ಒಂದು ಒಳ್ಳೆಯ ಲೆನ್ಸ್‌ಗೆ ಸಾಕು. ಮನೆಯಲ್ಲಿ ಭಾವ ಹೇಳಿದರು, "ಬರೋ ದುಡ್ಡು ಬಿಡಬೇಡ ಮಾರಾಯ್ತಿ, ಡಿಸ್ಕ್‌ನಲ್ಲಿ ಸುಮ್ನೆ ಇಟ್ಕೊಂಡು ಏನು ಮಾಡ್ತೀಯ?" ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಕ್ಯಾಮೆರಾ ಸಾಲದ ಕಂತು ಕಟ್ಟುವುದಕ್ಕೆ ಅವರೂ ಹೆಗಲು ಕೊಟ್ಟಿದ್ದಾರೆ.

ನಾನು ಅವರಿಗೆ ಹೇಳಿದ್ದು ಚೇಣಿ ಲೆಕ್ಕ. ಅಡಿಕೆ ತೋಟ ಇರುವವರಿಗೆಲ್ಲ ಗೊತ್ತು. ಕೊಯ್ಲಿಗೆ, ಸುಲಿಯುವುದಕ್ಕೆ, ಬೇಯಿಸಿ ಒಣಗಿಸುವುದಕ್ಕೆ ಆಳು ಸಿಗದಿದ್ದರೆ ಆ ವರ್ಷದ ಫಸಲನ್ನು ಚೇಣಿದಾರರಿಗೆ ಒಪ್ಪಿಸುತ್ತೇವೆ. ನಮ್ಮ ಪಾಲು ನಮಗೆ, ಅವರ ಲಾಭ ಅವರಿಗೆ. ಮುಂದಿನ ವರ್ಷ ಬೇರೆಯವರು ಬರಬಹುದು. ಮರ ಮಾತ್ರ ನಮ್ಮದೇ. ಈ ಪತ್ರ ಫಸಲಿಗೆ ಬೆಲೆ ಕಟ್ಟಿ ತೋಟ ಬರೆಸಿಕೊಳ್ಳುತ್ತಿದೆ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಐದು ವರ್ಷಕ್ಕೆ ಅಂತ ಕೇಳು" ಅಂದರು. ಹಾಗೇ ಬರೆದು ಕಳಿಸಿದ್ದೇನೆ.

ಲೆಸೋಥೋ ಬಗ್ಗೆ ನಮ್ಮಲ್ಲಿ ಎಷ್ಟು ಜನ ಕೇಳಿದ್ದಾರೋ. ಸುತ್ತಲೂ ದಕ್ಷಿಣ ಆಫ್ರಿಕಾ, ನಡುವೆ ಗುಡ್ಡಗಾಡಿನ ಪುಟ್ಟ ದೇಶ. 1986ರ ಒಪ್ಪಂದದ ಮೇಲೆ ಅಲ್ಲಿ ದೊಡ್ಡ ದೊಡ್ಡ ಅಣೆಕಟ್ಟು ಕಟ್ಟಿ ನೀರನ್ನು ದಕ್ಷಿಣ ಆಫ್ರಿಕಾಕ್ಕೆ ಹರಿಸುತ್ತಾರೆ. ಅಲ್ಲಿನ ನಿರ್ದೇಶಕ ಲೆಮೊಹಾಂಗ್ ಜೆರೆಮಾಯ ಮೊಸೆಸೆ 2019ರಲ್ಲಿ ಮಾಡಿದ ಸಿನಿಮಾದ ಹೆಸರು 'ದಿಸ್ ಈಸ್ ನಾಟ್ ಎ ಬರಿಯಲ್, ಇಟ್ಸ್ ಎ ರಿಸರೆಕ್ಷನ್'. ಎಂಬತ್ತು ವರ್ಷದ ವಿಧವೆ. ಉಳಿದಿದ್ದ ಒಬ್ಬ ಮಗನೂ ಗಣಿ ಕೆಲಸಕ್ಕೆ ಹೋಗಿ ತೀರಿಕೊಂಡ. ತನ್ನವರ ಪಕ್ಕದಲ್ಲೇ ಮಣ್ಣಾಗಬೇಕು ಅಂತ ಅವಳ ಆಸೆ. ಅಷ್ಟರಲ್ಲಿ ಊರು, ಸಮಾಧಿಗಳ ಸಮೇತ ಮುಳುಗುತ್ತದೆ ಅಂತ ಸುದ್ದಿ ಬರುತ್ತದೆ.

ನಾನು ಇದನ್ನು ದೊಡ್ಡಮ್ಮನಿಗೆ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಅವರು ಹುಡುಗಿ. ಅವರ ತಂದೆಯ ಮನೆ, ಗದ್ದೆ, ದೇವರ ಬನ ಎಲ್ಲಾ ನೀರೊಳಗೆ. ಭಾಷೆ ಅರ್ಥವಾಗದಿದ್ದರೂ ನಾನು ಹೇಳುತ್ತಾ ಹೋದೆ. ನಡುವೆ ಅವರೇ ನನ್ನನ್ನು ಸುಮ್ಮನಿರು ಅಂದರು. ಆ ಅಜ್ಜಿ ಕಪ್ಪು ಬಟ್ಟೆ ಉಟ್ಟು ಒಬ್ಬಳೇ ಮನೆಯೊಳಗೆ ಕೂತಿರುವ ದೃಶ್ಯ ಬಂದಾಗ, "ನಮ್ಮ ಅಬ್ಬೆನೂ ಹಿಂಗೇ ಕೂತಿದ್ಳು" ಅಂದರು. ಮುಗಿದ ಮೇಲೆ ಕೇಳಿದ ಪ್ರಶ್ನೆ ಒಂದೇ. "ಆ ಊರಿನವ್ರು ಇದನ್ನ ನೋಡಿದಾರೇನೇ?"

ಈ ಸಿನಿಮಾಕ್ಕೆ ಹಣ ಬಂದ ದಾರಿ ನೋಡಿ. ವೆನಿಸ್ ಚಿತ್ರೋತ್ಸವ ನಡೆಸುವ ಬಿಯೆನಾಲೆ ಸಂಸ್ಥೆಯವರ ಒಂದು ತರಬೇತಿ ಕಾರ್ಯಕ್ರಮವಿದೆ. ಪ್ರಪಂಚದ ಎಲ್ಲ ಕಡೆಯಿಂದ ಹೊಸಬರನ್ನು ಆರಿಸುತ್ತಾರೆ. ಕಥೆ ತಿದ್ದಿ, ಬಜೆಟ್ ಹಾಕುವುದನ್ನು ಕಲಿಸಿ, ಕೊನೆಗೆ ಗೆದ್ದವರಿಗೆ 1,50,000 ಯೂರೋ ಕೊಡುತ್ತಿದ್ದರು. ಆಗಿನ ಲೆಕ್ಕದಲ್ಲಿ ಒಂದು ಕೋಟಿ ಚಿಲ್ಲರೆ ರೂಪಾಯಿ. ನಿರ್ಮಾಪಕರು ದಕ್ಷಿಣ ಆಫ್ರಿಕಾದವರು, ಹಣ ಇಟಲಿಯದ್ದು, ಭಾಷೆ ಸೆಸೋಥೋ, ಬೆಟ್ಟ ಲೆಸೋಥೋದ್ದು. ಕಥೆ ಮಾತ್ರ ಯಾರಿಗೋಸ್ಕರ ನೀರು ಬೆರೆಸಿದ್ದಲ್ಲ. 2020ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಲೆಸೋಥೋ ಆಸ್ಕರ್‌ಗೆ ಕಳಿಸಿದ ಮೊದಲ ಸಿನಿಮಾವೂ ಇದೇ. ಒಂದು ಕೋಟಿಯಲ್ಲಿ ಇಂಥದ್ದು ಆಗುತ್ತದೆ ಅಂದರೆ ಮಲೆನಾಡಿನಲ್ಲಿ ಯಾಕೆ ಆಗಬಾರದು? ನಮಗೆ ಕಥೆಗೆ ಬರವಿಲ್ಲ. ಬಜೆಟ್ ಹಾಕುವುದನ್ನು, ಪಾಲುದಾರರ ಜೊತೆ ಕೂತು ಮಾತಾಡುವುದನ್ನು ನಮಗೆ ಯಾರೂ ಕಲಿಸಿಲ್ಲ, ಅಷ್ಟೇ.

ನೈಜೀರಿಯಾದ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಶುರು ಮಾಡಿದವರು ವ್ಯಾಪಾರಸ್ಥರು. 1992ರಲ್ಲಿ ಕೆನೆತ್ ಎನ್‌ನೆಬ್ಯೂ ಅನ್ನುವ ಕ್ಯಾಸೆಟ್ ವ್ಯಾಪಾರಿ ಇಗ್ಬೋ ಭಾಷೆಯ ಸಿನಿಮಾವನ್ನು ವಿಡಿಯೋದಲ್ಲೇ ತೆಗೆಸಿ, ಕ್ಯಾಸೆಟ್ ಮಾಡಿ ಮಾರಿದರು. ಥಿಯೇಟರ್ ಬೇಕಾಗಲಿಲ್ಲ. ಇಂದಿಗೂ ಆ ಖಂಡದಲ್ಲಿ ಥಿಯೇಟರ್ ಕಮ್ಮಿಯೇ. ಯುನೆಸ್ಕೋದ 2021ರ ವರದಿ ಪ್ರಕಾರ ಸುಮಾರು 7.87 ಲಕ್ಷ ಜನಕ್ಕೆ ಒಂದು ಪರದೆ. ಅದೇ ವರದಿ ಹೇಳುವಂತೆ ಅಲ್ಲಿನ ಸಿನಿಮಾ, ಆಡಿಯೋ-ವಿಡಿಯೋ ಉದ್ಯಮ ಸುಮಾರು 50 ಲಕ್ಷ ಜನರಿಗೆ ಕೆಲಸ ಕೊಟ್ಟಿದೆ, ಅದನ್ನು 2 ಕೋಟಿಗೆ ಏರಿಸಬಹುದು. ಥಿಯೇಟರ್ ಇಲ್ಲದೆ ಇಷ್ಟು! ಎಲ್ಲ ಕಡೆ ನಕಲು ಕ್ಯಾಸೆಟ್, ನಕಲು ಸಿಡಿಗಳ ಕಾಟವೂ ಇತ್ತು. ಆದರೂ ಮನೆಯ ಟಿವಿ ಮುಂದೆ ಕೂತ ಜನರೇ ಅವರನ್ನು ಸಾಕಿದರು.

ಆಮೇಲೆ ದೊಡ್ಡ ಆನ್‌ಲೈನ್ ಕಂಪನಿಗಳು ಬಂದವು. ಕುನ್ಲೆ ಅಫೊಲಯನ್, ಮೊ ಅಬುಡು ಅಂಥವರು ನೆಟ್‌ಫ್ಲಿಕ್ಸ್ ಜೊತೆ ಹಲವು ಸಿನಿಮಾಗಳ ಒಪ್ಪಂದ ಮಾಡಿಕೊಂಡರು. ಒಳ್ಳೆಯ ಬಜೆಟ್, ಒಳ್ಳೆಯ ಕ್ಯಾಮೆರಾ, ಪ್ರಪಂಚದ ಎಲ್ಲ ಕಡೆ ಪ್ರೇಕ್ಷಕರು. ಅದೇ ಹೊತ್ತಿಗೆ 2024ರ ಜನವರಿಯಲ್ಲಿ ಅಮೆಜಾನ್ ಪ್ರೈಮ್ ಆಫ್ರಿಕಾದಲ್ಲಿ ಹೊಸದಾಗಿ ಹಣ ಹಾಕಿ ಮಾಡಿಸುವುದನ್ನು ನಿಲ್ಲಿಸಿಬಿಟ್ಟಿತು. ಒಂದೇ ನಿರ್ಧಾರ, ಎಷ್ಟು ಜನರ ಕೆಲಸ. ಕೊಳ್ಳುವವರು ಒಬ್ಬರೇ ಆದರೆ ಇದೇ ಗತಿ. ಅಡಿಕೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಒಬ್ಬೊಬ್ಬರೇ ಮಂಡಿಗೆ ಹೋಗಿ ಸೋತವರು ಸೇರಿಯೇ ಅಲ್ವಾ ನಮ್ಮ ಸಹಕಾರ ಸಂಘಗಳನ್ನು ಕಟ್ಟಿದ್ದು.

ಆದರೆ ನೈಜೀರಿಯಾದವರು ಅಲ್ಲಿಗೇ ಕೂರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಫುಂಕೆ ಅಕಿಂಡೆಲೆ ಅವರ ಸಿನಿಮಾ ನೈಜೀರಿಯಾದ ಥಿಯೇಟರ್‌ಗಳಲ್ಲೇ ಓಡಿ ನೂರು ಕೋಟಿ ನೈರಾ ದಾಟಿತು. ಅಲ್ಲಿನ ಸಿನಿಮಾವೊಂದು ಆ ಗಡಿ ದಾಟಿದ್ದು ಅದೇ ಮೊದಲು. 2025ರಲ್ಲಿ ಒಮೊನಿ ಒಬೊಲಿ ತಮ್ಮ ಸಿನಿಮಾವನ್ನು ನೇರ ತಮ್ಮ ಯೂಟ್ಯೂಬ್ ಚಾನೆಲ್‌ಗೇ ಹಾಕಿದರು, ಜನ ಕೋಟಿಗೂ ಹೆಚ್ಚು ಸಲ ನೋಡಿದರು. ಇಬ್ಬರೂ ಹೆಂಗಸರು, ಇಬ್ಬರೂ ನಟಿಯರಾಗಿದ್ದು ನಿರ್ಮಾಪಕರಾದವರು. ಇದನ್ನು ಬರೆಯುವಾಗ ನನಗೆ ನಿಜವಾಗಿ ಖುಷಿಯಾಗುತ್ತದೆ.

ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ, ಇಥಿಯೋಪಿಯಾದ ಹೈಲೆ ಗೆರಿಮಾ. ಗುಲಾಮರ ವ್ಯಾಪಾರದ ಬಗ್ಗೆ ಅವರು ಘಾನಾದ ಕರಾವಳಿಯ ಹಳೆಯ ಕೋಟೆಯಲ್ಲಿ ಚಿತ್ರೀಕರಿಸಿದ 1993ರ ಸಿನಿಮಾ ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಗಿ ಬಂದರೂ ಅಮೆರಿಕದಲ್ಲಿ ಹಂಚಿಕೆದಾರರು ಸಿಗಲಿಲ್ಲ. ಅವರು, ಅವರ ಹೆಂಡತಿ ಶಿರಿಕಿಯಾನಾ ಐನಾ ಥಿಯೇಟರನ್ನು ತಾವೇ ಬಾಡಿಗೆಗೆ ಹಿಡಿದರು. ಊರೂರಿನ ಕಪ್ಪು ಜನರ ಸಂಘಗಳು ಟಿಕೆಟ್ ಮಾರಿಕೊಟ್ಟವು. ವಾಷಿಂಗ್ಟನ್‌ನಲ್ಲಿ ಹಾವರ್ಡ್ ವಿಶ್ವವಿದ್ಯಾಲಯದ ಎದುರು ಅವರ ಪುಸ್ತಕದಂಗಡಿ ಇದೆ. ಅಲ್ಲಿ ಪುಸ್ತಕ, ಸಿನಿಮಾ, ಕಾಫಿ ಎಲ್ಲಾ ಒಂದೇ ಸೂರಿನಡಿ. ಸಿನಿಮಾ ಇಲ್ಲದ ವರ್ಷವೂ ಬಾಗಿಲು ತೆಗೆದಿರುವ ಜಾಗ. ಹೆಗ್ಗೋಡು ನೋಡಿದವರಿಗೆ ಇದು ಹೊಸದಲ್ಲ. 1973ರಲ್ಲಿ ಶುರುವಾದ ನೀನಾಸಂ ಚಿತ್ರಸಮಾಜದವರು ಪ್ರಪಂಚದ ಸಿನಿಮಾಗಳನ್ನು ತಂದು ನಮ್ಮ ಹಳ್ಳಿಯವರಿಗೆ ತೋರಿಸಿದರು. ನನ್ನ ಅಪ್ಪ ಹಾಲು ಡೈರಿಗೆ ಹಾಕಿ ಬಂದು ಅಲ್ಲಿ ಸಿನಿಮಾ ನೋಡಿದವರು.

ಒಪ್ಪಂದದಲ್ಲಿ ಯಾರೂ ಓದದ ಒಂದು ಸಾಲು ಇರುತ್ತದೆ, ಮೂಲ ಪ್ರತಿ ಎಲ್ಲಿರಬೇಕು ಅನ್ನುವುದು. ಆಫ್ರಿಕಾದ ಎಷ್ಟೋ ಹಳೆಯ ಸಿನಿಮಾಗಳ ನೆಗೆಟಿವ್ ಯುರೋಪಿನ ಲ್ಯಾಬ್‌ಗಳಲ್ಲಿ ಉಳಿದವು. ಸಂಸ್ಕರಣೆ ಅಲ್ಲೇ ಆಗುತ್ತಿತ್ತಲ್ಲ. 2017ರಲ್ಲಿ ಆಫ್ರಿಕಾದ ಸಿನಿಮಾದವರ ಒಕ್ಕೂಟ, ಯುನೆಸ್ಕೋ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ಫಿಲ್ಮ್ ಫೌಂಡೇಶನ್ ಸೇರಿ 50 ಸಿನಿಮಾಗಳನ್ನು ಹುಡುಕಿ ಸರಿಪಡಿಸುವ ಕೆಲಸ ಕೈಗೆತ್ತಿಕೊಂಡವು. ಅದೇ ಫೌಂಡೇಶನ್‌ನ ಕೆಲಸದಿಂದಲೇ ನಮ್ಮ ತೀರ್ಥಹಳ್ಳಿ ಕಡೆಯ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' ಹೊಸದಾಗಿ 2024ರಲ್ಲಿ ವೆನಿಸ್‌ನಲ್ಲಿ ತೆರೆ ಕಂಡಿತು. ಅದರ ನೆಗೆಟಿವ್ ಪುಣೆಯ ಆರ್ಕೈವ್‌ನಲ್ಲಿ ಜೋಪಾನವಾಗಿತ್ತು. ಇಲ್ಲದಿದ್ದರೆ ಏನನ್ನು ಸರಿಪಡಿಸುವುದು?

ಎರಡು ದೇಶಗಳ ನಡುವೆ ಸಹನಿರ್ಮಾಣ ಒಪ್ಪಂದ ಇದ್ದರೆ ಸಿನಿಮಾ ಎರಡೂ ಕಡೆ ಸ್ವದೇಶಿ ಅಂತ ಲೆಕ್ಕ. ಎರಡೂ ಕಡೆಯ ಸಹಾಯಧನಕ್ಕೆ ಅರ್ಜಿ ಹಾಕಬಹುದು. ದಕ್ಷಿಣ ಆಫ್ರಿಕಾ ಕೆನಡಾ, ಜರ್ಮನಿ, ಬ್ರಿಟನ್, ಫ್ರಾನ್ಸ್ ಜೊತೆ ಇಂಥ ಒಪ್ಪಂದ ಮಾಡಿಕೊಂಡಿದೆ. ಭಾರತಕ್ಕೂ ಈ ನಾಲ್ಕೂ ದೇಶದ ಜೊತೆ ಇದೆ. ಡರ್ಬನ್‌ನಲ್ಲಿ 2010ರಿಂದ ಫಿಲ್ಮ್‌ಮಾರ್ಟ್ ನಡೆಯುತ್ತದೆ. ಆಫ್ರಿಕಾದವರು ಇನ್ನೂ ಆಗದ ಸಿನಿಮಾದ ಕಥೆ, ಬಜೆಟ್ ಹಿಡಿದು ಹಣ ಹಾಕುವವರ ಎದುರು ಕೂರುತ್ತಾರೆ. ನಮಗೆ 2007ರಿಂದ ಗೋವಾದಲ್ಲಿ ಫಿಲ್ಮ್ ಬಜಾರ್ ಇದೆ. ಅಲ್ಲಿಗೆ ಹೋಗಿ ಬಂದ ಪರಿಚಯದವರೊಬ್ಬರು ಹೇಳಿದ್ದು, ಕಥೆ ಚೆನ್ನಾಗಿದೆ ಅಂದ ಮೇಲೆ ಹಣ ಹಾಕುವವರು ಕೇಳುವ ಮೊದಲ ಪ್ರಶ್ನೆ, "ಇದರ ಹಕ್ಕು ಯಾರ ಹೆಸರಿನಲ್ಲಿದೆ? ಕಾಗದ ಇದೆಯಾ?"

ಅದಕ್ಕೇ ನಾವು ಕೆಲವರು ಸೇರಿ ಪಾಲುದಾರಿಕೆ ಪತ್ರ ಮಾಡಿಸುತ್ತಿದ್ದೇವೆ. ಹೊಸನಗರದ ಒಬ್ಬರ ಹತ್ತಿರ ಒಳ್ಳೆಯ ಮೈಕ್ ಇವೆ, ತೀರ್ಥಹಳ್ಳಿಯವರ ಹತ್ತಿರ ಲೈಟು, ನನ್ನ ಹತ್ತಿರ ಎಡಿಟಿಂಗ್ ಕಂಪ್ಯೂಟರ್. ಮದುವೆ ಸೀಸನ್‌ನಲ್ಲಿ ಒಬ್ಬರಿಗೊಬ್ಬರು ಬಾಡಿಗೆಯಿಲ್ಲದೆ ಕೊಡುವುದು, ಬಂದದ್ದರಲ್ಲಿ ಒಂದು ಪಾಲು ಮಳೆಗಾಲದ ಚಿತ್ರೀಕರಣಕ್ಕೆ ಎತ್ತಿಡುವುದು. ಮೂಲ ದೃಶ್ಯಗಳನ್ನು ಯಾರಿಗೂ ಪೂರ್ತಿ ಮಾರುವಂತಿಲ್ಲ, ಅವಧಿಗೆ ಮಾತ್ರ ಕೊಡಬಹುದು ಅಂತ ಒಂದು ಷರತ್ತು. ಯಾವ ಚಿತ್ರೋತ್ಸವಕ್ಕೆ ಹೋಗುವುದಿದ್ದರೂ ಮೊದಲ ಪ್ರದರ್ಶನ ಚಿತ್ರೀಕರಿಸಿದ ಊರಿನಲ್ಲೇ ಅಂತ ಇನ್ನೊಂದು. ಅದು ದೊಡ್ಡಮ್ಮ ಕೇಳಿದ ಪ್ರಶ್ನೆಯಿಂದ ಬಂದದ್ದು.

ಆಡಿಟರ್ ಕರಡು ಓದಿ, "ಈ ದೃಶ್ಯಗಳನ್ನೂ ಸಂಸ್ಥೆಯ ಆಸ್ತಿ ಅಂತ ತೋರಿಸಬೇಕು ಅಂದ್ರೆ ಪಟ್ಟಿ ಕೊಡಿ" ಅಂದಿದ್ದಾರೆ. ಈಗ ಅದೇ ಕೆಲಸ ನಡೆದಿದೆ. ಪ್ರತಿ ಕ್ಲಿಪ್‌ಗೂ ತಾರೀಖು, ಜಾಗ, ಅದರಲ್ಲಿ ಇರುವವರ ಹೆಸರು, ಅವರ ಒಪ್ಪಿಗೆ ಪತ್ರ. ಕೆಲವರ ಸಹಿ ಇನ್ನೂ ಬರಬೇಕು, ಅದಕ್ಕೆ ಮತ್ತೆ ಹಿನ್ನೀರಿನ ಆಚೆಗೆ ಹೋಗಬೇಕು. ಪಟ್ಟಿ ಮುಗಿದ ಕೂಡಲೇ ಗೋವಾಕ್ಕೆ ಅರ್ಜಿ ಹಾಕುತ್ತೇವೆ.