ಎಂಟುನೂರು ಮೊಗ್ಗು

ಶಂಕರಪುರ, ಉಡುಪಿ ಜಿಲ್ಲೆ
8 ಸೆಪ್ಟೆಂಬರ್ 2024, ಭಾನುವಾರ ರಾತ್ರಿ

ಇವತ್ತು ಮೊಂತಿ ಹಬ್ಬ. ಮಾತೆ ಮರಿಯಮ್ಮನ ಹುಟ್ಟಿದ ದಿನ, ನಮಗೆ ಹೊಸ ತೆನೆಯ ದಿನ. ಆದರೆ ಮಲ್ಲಿಗೆ ಗಿಡಕ್ಕೆ ಹಬ್ಬವೂ ಇಲ್ಲ, ಆದಿತ್ಯವಾರವೂ ಇಲ್ಲ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು ಜಗಲಿಯಲ್ಲಿ ಒದ್ದೆ ಬಟ್ಟೆ ಮುಚ್ಚಿಟ್ಟೆ. ಪೂಜೆ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಕಟ್ಟಿಡುತ್ತೇನೆ ಅಂದಿದ್ದರು. ನಿನ್ನೆ ಅವರ ಮನೆಯಲ್ಲಿ ಚೌತಿ. ಅವರ ಪಾಲಿನ ಹೂವನ್ನು ನಾನು ಕಟ್ಟಿಕೊಟ್ಟಿದ್ದೆ. ವರ್ಷಗಳಿಂದ ಹೀಗೇ ನಡೆದುಕೊಂಡು ಬಂದಿದೆ.

ಇಗರ್ಜಿಯಲ್ಲಿ ಮಕ್ಕಳು ತಟ್ಟೆ ತುಂಬ ಹೂವು ತಂದಿದ್ದರು. ಆಗಸ್ಟ್ 30ರಿಂದ ಒಂಬತ್ತು ದಿನವೂ ತಂದಿದ್ದಾರೆ. ಗೊರಟೆ, ದಾಸವಾಳ, ಬೇಲಿ ಬದಿಯ ಹೆಸರಿಲ್ಲದ ಹೂವುಗಳು. ಫಾದರ್ ತೆನೆಯನ್ನು ಆಶೀರ್ವದಿಸಿದರು. ಮಕ್ಕಳು ಸಾಲಾಗಿ ಬಂದು ಮರಿಯಮ್ಮನ ಮುಂದೆ ಹೂವು ಎರಚಿದರು. ಒಂದು ಮಗು ಎರಚುವಾಗ ತಟ್ಟೆಯಲ್ಲಿ ಒಂದೂ ಉಳಿಯಬಾರದು ಅಂತ ಬೋರಲು ಹಾಕಿ ತಟ್ಟಿತು. ಅದನ್ನು ನೋಡಿದ ಮೇಲೆ ನನಗೆ ಹಾಡಲು ಸ್ವರ ಬರಲಿಲ್ಲ.

ಶುಕ್ರವಾರದ್ದು ಬರೆದುಬಿಡುತ್ತೇನೆ.

ನಮ್ಮಲ್ಲಿ ಒಂದು ಚೆಂಡು ಅಂದರೆ 800 ಮೊಗ್ಗು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ 3,200 ಮೊಗ್ಗು, ಎಲ್ಲವೂ ಬಾಳೆನಾರಿನಲ್ಲಿ ಕಟ್ಟಿದ್ದು. ಕೊಳ್ಳುವವರು ಯಾರೂ ಬಿಚ್ಚಿ ಎಣಿಸುವುದಿಲ್ಲ. ಎಣಿಸುತ್ತಾ ಕೂತರೆ ಹೂವು ಅರಳಿಬಿಡುತ್ತದೆ. ಶುಕ್ರವಾರ ಚೌತಿಯ ಹಿಂದಿನ ದಿನ, ರೇಟು ಏರಿತ್ತು. ಮಳೆಗೆ ಮೊಗ್ಗು ಉದುರಿ ಗಿಡದಲ್ಲಿ ಹೂವು ಕಡಿಮೆ. ಏಳು ಚೆಂಡು ಆಯಿತು. ಎಂಟನೆಯದಕ್ಕೆ ಉಳಿದದ್ದು 720. ಎಂಟಾದರೆ ಪೂರ್ತಿ ಎರಡು ಅಟ್ಟೆ. ನಾನು ಗಂಟುಗಳನ್ನು ಸ್ವಲ್ಪ ಸಡಿಲ ಬಿಟ್ಟು, ಮೊಗ್ಗಿನ ನಡುವೆ ಜಾಗ ಕೊಟ್ಟು ಕಟ್ಟಿದೆ. ನೋಡಲು ಉಳಿದವುಗಳ ಹಾಗೆಯೇ ಇತ್ತು.

ಮಗಳು ಪಕ್ಕದಲ್ಲೇ ಕೂತು ಎಣಿಸಿ ಕೊಡುತ್ತಿದ್ದಳು. "ಮಮ್ಮಿ, ಇದು ಎಂಟುನೂರು ಆಗ್ಲಿಲ್ಲ ಅಲ್ವಾ?"

"ಸುಮ್ನಿರು, ಹೊತ್ತಾಯ್ತು" ಅಂದೆ.

ಅವಳು ಸುಮ್ಮನಾದಳು. ಅದೇ ನನಗೆ ಈಗ ಜಾಸ್ತಿ ನೋವು ಕೊಡುವುದು.

ಶನಿವಾರ ಸಂಜೆ ಪಾಪನಿವೇದನೆಗೆ ಸಾಲಿನಲ್ಲಿ ನಿಂತಿದ್ದೆ. ಕೋಪ ಮಾಡಿದ್ದು ಹೇಳಿದೆ. ಜಪಮಾಲೆ ತಪ್ಪಿಸಿದ್ದು ಹೇಳಿದೆ. ಇದನ್ನು ಹೇಳಲಿಲ್ಲ. ಮರೆತಿರಲಿಲ್ಲ. ಇದು ಪಾಪ ಅಲ್ಲ, ವ್ಯಾಪಾರ ಅಂತ ಮನಸ್ಸು ಹೇಳಿತ್ತು. ದೇವರಿಗೆ ಇಗರ್ಜಿಯ ಲೆಕ್ಕ, ಜಗಲಿಯ ಲೆಕ್ಕ ನನಗೆ. ನಾನು ಇಷ್ಟು ವರ್ಷ ಹೀಗೇ ಪಾಲು ಮಾಡಿಕೊಂಡಿದ್ದೆನಾ?

ಮಧ್ಯಾಹ್ನ ಊಟಕ್ಕೆ ಕೂತೆವು. ಬಾಳೆಎಲೆ, ಸಸ್ಯಾಹಾರ, ಅಂಬಟೆ ಹಾಕಿದ ಕೆಸುವಿನ ದಂಟು, ಬೆಂಡೆ, ಹೀರೆ, ಹಾಗಲ, ಮುಳ್ಳುಸೌತೆ. ಲೆಕ್ಕ ಬೆಸವಾಗಿರಬೇಕು, ಐದು ಆಯಿತು. ಅತ್ತೆ ಹೊಸ ಭತ್ತದ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ ಎಲ್ಲರಿಗೂ ಹಂಚಿದರು. ಕುವೈತಿನಲ್ಲಿರುವ ಮೈದುನನ ಪಾಲಿನ ಕಾಳನ್ನು ಕಾಗದದಲ್ಲಿ ಮಡಚಿಟ್ಟರು. ದೂರ ಇದ್ದವರ ಪಾಲೂ ತಪ್ಪಬಾರದು. ಹಬ್ಬದ ಈ ಭಾಗ ನನಗೆ ಚಿಕ್ಕಂದಿನಿಂದ ತುಂಬಾ ಇಷ್ಟ. ಇವತ್ತು ಆ ಹಾಲು ಕೈಯಲ್ಲಿ ಹಿಡಿದು ಕೂತಾಗ, ಯಾರದ್ದೋ ಎಂಬತ್ತು ಮೊಗ್ಗು ನನ್ನ ಹತ್ತಿರ ಉಳಿದಿದೆ ಅನಿಸಿತು.

ಊಟ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ನಮ್ಮಿಂದ ಹೂವು ಕೊಳ್ಳುವ ವ್ಯಾಪಾರಿ ಅಣ್ಣನ ಮನೆಗೆ ಹೋದೆ. ಇಗರ್ಜಿಯಲ್ಲಿ ಕೊಟ್ಟ ಕಬ್ಬಿನ ತುಂಡು ಅವಳ ಕೈಯಲ್ಲಿತ್ತು.

"ಎಂತ ಬಾಯಮ್ಮ, ಹಬ್ಬದ ದಿನ?" ಅಂದರು.

ಹೇಳಿದೆ. ಸುತ್ತು ಬಳಸದೆ ಹೇಳಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಆದರೂ ಮಳೆ, ಹೊತ್ತು, ಗಡಿಬಿಡಿ ಎಲ್ಲ ಮಾತಿನಲ್ಲಿ ಬಂತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆಗ ನಿಲ್ಲಿಸಿ, "ಎಂಬತ್ತು ಕಡಿಮೆ ಇತ್ತು, ನನಗೆ ಗೊತ್ತಿದ್ದೇ ಕೊಟ್ಟೆ" ಅಂದೆ.

ಅವರು ಬೈಯಲಿಲ್ಲ. ಪರವಾಗಿಲ್ಲ ಅಂತಲೂ ಹೇಳಲಿಲ್ಲ. ಒಳಗಿನಿಂದ ಪುಸ್ತಕ ತಂದು, ಶುಕ್ರವಾರದ ಪುಟ ತೆಗೆದು, ಒಂದು ಚೆಂಡಿನ ಹತ್ತರಲ್ಲಿ ಒಂದು ಪಾಲು ಕಳೆದು ಬರೆದರು. ನನಗೆ ತೋರಿಸಿದರು. ಹಾಗೆ ಮಾಡಿದ್ದಕ್ಕೆ ಅವರ ಮೇಲೆ ನನಗೆ ಬಹಳ ಗೌರವ ಬಂತು. ಪರವಾಗಿಲ್ಲ ಅಂದಿದ್ದರೆ ಆ ಎಂಬತ್ತು ಮೊಗ್ಗು ಹಾಗೇ ನನ್ನ ಹತ್ತಿರ ಉಳಿಯುತ್ತಿತ್ತು.

ಆಮೇಲೆ ಅಂದರು, "ನಿಮ್ಮ ಮನೆ ಚೆಂಡು ನಾನು ಕೈಯಲ್ಲಿ ಹಿಡಿದು ನೋಡುವುದೇ ಇಲ್ಲ. ನಂಬಿಕೆ ಮೇಲೆ ಬುಟ್ಟಿಗೆ ಹಾಕ್ತೇನೆ."

ನಂಬಿಕೆ. ದೇವರ ಮೇಲಿನದ್ದಕ್ಕೂ ಅದೇ ಮಾತು, ಹೂವಿನ ಮನೆಯ ಮೇಲಿನದ್ದಕ್ಕೂ ಅದೇ ಮಾತು.

ಒಂದು ವಿಷಯ ಮಾತ್ರ ಸರಿಯಾಗಿಲ್ಲ. ಬೈಬಲಿನಲ್ಲಿ, ಲೂಕನ ಶುಭಸಂದೇಶದಲ್ಲಿ ಬರುವ ಸುಂಕದವ ಜಕ್ಕಾಯ ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅಂದ. ಅವನಿಗೆ ಯಾರಿಂದ ತೆಗೆದುಕೊಂಡೆ ಅಂತ ಗೊತ್ತಿತ್ತು. ನನ್ನ ಆ ಚೆಂಡು ಉಡುಪಿಗೆ ಹೋಯಿತೋ, ಮಂಗಳೂರಿಗೋ, ಮುಂಬೈಗೋ. ಯಾರೋ ಪೂರ್ತಿ ಹಣ ಕೊಟ್ಟು ಮನೆಯ ಗಣಪತಿಗೆ ಹಾಕಿರಬಹುದು. ಅವರ ಮನೆಯ ಬಾಗಿಲಿಗೆ ನಾನು ಹೋಗುವ ದಾರಿ ಇಲ್ಲ. ಮುಂದಿನ ಶನಿವಾರ ಫಾದರ್ ಹತ್ತಿರ ಇದನ್ನೂ ಹೇಳುತ್ತೇನೆ, ಮೊದಲು ಇದನ್ನೇ.

ವಾಪಸ್ ಬರುವಾಗ ಮಗಳು ಕಬ್ಬು ಮುರಿದು ಅರ್ಧ ಕೊಟ್ಟಳು. ನಾಳೆ ನೂರು ನೂರರ ಎಂಟು ಗುಡ್ಡೆ ಮಾಡಿ ಕೊಡ್ತೇನೆ, ಶಾಲೆಗೆ ಹೋಗುವ ಮೊದಲು ಎಬ್ಬಿಸು ಅಂದಿದ್ದಾಳೆ. ಬಾಳೆನಾರು ನೀರಲ್ಲಿ ನೆನೆಹಾಕಿ ಬಂದೆ. ಹೊರಗೆ ಮತ್ತೆ ಮಳೆ ಹಿಡಿದಿದೆ, ನಾಳೆ ಎಷ್ಟು ಮೊಗ್ಗು ಸಿಗುತ್ತದೋ.