ಕಿಯಾಂಟಿ ವೈನ್ ಟೂರ್ ಬುಕ್ ಮಾಡೋ ಮುಂಚೆ ಇದನ್ನೊಂದು ಓದಿ

ಇಟಲಿಯ ಫ್ಲಾರೆನ್ಸ್‌ಗೆ ಹೋದೋರೆಲ್ಲ ಒಂದರ್ಧ ದಿನ ಪಕ್ಕದ ವೈನ್ ಸೀಮೆ ಕಿಯಾಂಟಿಗೆ ಹೋಗ್ಬರೋಣ ಅಂದ್ಕೊಳ್ತಾರೆ, ನಾನೂ ನಮ್ಮನೆಯವಳೂ ಹಂಗೇ ಹೋಗಿ ತಲೆಗೆ 80 ಯೂರೋ ಕಳ್ಕೊಂಡ್ವಿ. ಬಸ್ ತುಂಬ ಜನ, ಎಸಿ ಇಲ್ಲ, ಗೋಡೌನ್ ಥರದ ಒಂದು ಹಾಲಲ್ಲಿ ನಿಲ್ಸಿ ಎರಡೆರಡು ಗುಟುಕು ಕುಡಿಸಿ ಉಳಿದ ಹೊತ್ತೆಲ್ಲ ಬಾಟಲಿ ಮಾರಿದ್ರು. ಗೈಡ್ ಕಪ್ಪು ಹುಂಜದ ಕಥೆ ಮಾತ್ರ ಚೆನ್ನಾಗಿ ಹೇಳಿದ್ಲು. ಹಿಂದೆ ಫ್ಲಾರೆನ್ಸಿಗೂ ಸಿಯೆನಾಗೂ ಗಡಿ ಜಗಳ, ಕೋಳಿ ಕೂಗಿದ ತಕ್ಷಣ ಎರಡೂ ಊರಿಂದ ಕುದುರೆ ಸವಾರರು ಹೊರಡೋದು, ಎದುರಾದ ಜಾಗವೇ ಗಡಿ ಅಂತ ಮಾತಾಯ್ತಂತೆ, ಫ್ಲಾರೆನ್ಸಿನೋರು ತಮ್ಮ ಕಪ್ಪು ಹುಂಜಾನ ಉಪವಾಸ ಕೆಡವಿದ್ರು, ಅದು ಹಸಿವು ತಡೀದೆ ನಡುರಾತ್ರೀಲೇ ಕೂಗ್ಬಿಡ್ತು, ಅವರ ಸವಾರ ಸಿಯೆನಾ ಹತ್ರದ ತನಕ ಬಂದ್ಬಿಟ್ಟ.

ಕಥೆಗೆ ಸೋತು 32 ಯೂರೋದ ಹಾಗೆ ಎರಡು ಬಾಟಲಿ ತಗೊಂಡ್ವಿ. ರೂಮಿಗೆ ಬಂದು ನೋಡಿದ್ರೆ ಬಾಟಲಿ ಮೇಲೆ ಎಲ್ಲೂ ಕಪ್ಪು ಹುಂಜದ ಚಿತ್ರವೇ ಇಲ್ಲ! ಅದು ಕಿಯಾಂಟಿ ಕ್ಲಾಸಿಕೋ ಅನ್ನೋ ವೈನಿನ ಗುರುತು.

ವಿಷಯ ಏನಂದ್ರೆ ಬರೀ ಕಿಯಾಂಟಿ ಅನ್ನೋ ವೈನ್ ಬೇರೆ, ಕಿಯಾಂಟಿ ಕ್ಲಾಸಿಕೋ ಬೇರೆ. 1716ರಲ್ಲೇ ಮೂರನೇ ಕೋಸಿಮೊ ಅನ್ನೋ ದೊರೆ ಗಡಿ ಹಾಕಿ ಇಷ್ಟು ಜಾಗದ್ದೇ ಕಿಯಾಂಟಿ ಅಂದಿದ್ದ, ರಾದ್ದಾ, ಗಯೋಲೆ, ಕಾಸ್ತೆಲ್ಲಿನಾ, ಗ್ರೇವೆ ಕಡೆಯ ಗುಡ್ಡಗಳು. 1932ರಲ್ಲಿ ಸರ್ಕಾರ ಸುತ್ತಲಿನ ಎಷ್ಟೋ ಜಾಗಕ್ಕೂ ಆ ಹೆಸರು ಕೊಡ್ತು, ಹಳೇ ಜಾಗಕ್ಕೆ ಕ್ಲಾಸಿಕೋ ಅಂತ ಸೇರಿಸ್ತು. ಕ್ಲಾಸಿಕೋದಲ್ಲಿ ಸಾಂಜೊವೇಸೆ ದ್ರಾಕ್ಷಿ ಕನಿಷ್ಠ ಶೇ. 80 ಇರ್ಬೇಕು, ಉಳಿದದ್ದು ಕನಾಯೋಲೊ, ಮೆರ್ಲೋ ಥರದ ಬೇರೆ ಕೆಂಪು ದ್ರಾಕ್ಷಿ, 2006ರಿಂದ ಬಿಳಿ ದ್ರಾಕ್ಷಿ ಬೆರೆಸೋ ಹಾಗಿಲ್ಲ. ಬರೀ ಕಿಯಾಂಟಿಗೆ ಸಾಂಜೊವೇಸೆ ಶೇ. 70 ಇದ್ರೆ ಸಾಕು, ಸ್ವಲ್ಪ ಬಿಳಿ ದ್ರಾಕ್ಷೀನೂ ನಡೆಯುತ್ತೆ. ಅದು ಕೆಟ್ಟ ವೈನ್ ಅಲ್ಲ, ಆದ್ರೆ ಹುಂಜದ ಕಥೆ ಹೇಳಿ ಕ್ಲಾಸಿಕೋ ರೇಟಿಗೆ ಅದನ್ನ ಮಾರೋದು ಮೋಸ.

ಎರಡು ದಿನ ಬಿಟ್ಟು ನಾವೇ ಗ್ರೇವೆಗೆ ಹೋದ್ವಿ. ಫ್ಲಾರೆನ್ಸಿನ ಸಂತಾ ಮರಿಯಾ ನೊವೆಲ್ಲಾ ರೈಲ್ವೆ ಸ್ಟೇಷನ್ ಪಕ್ಕದ ಸ್ಟ್ಯಾಂಡಿಂದ ಲೋಕಲ್ ಬಸ್, ಸುಮಾರು ಒಂದು ಗಂಟೆ. ತಿರುವು ಜಾಸ್ತಿ, ವಾಂತಿ ಆಗೋರು ಮುಂದೆ ಕೂತ್ಕೊಳ್ಳಿ. ಭಾನುವಾರ ಬಸ್ಸು ಕಮ್ಮಿ, ಅವತ್ತು ಬೇಡ. ಶನಿವಾರ ಸಂತೆ ಇರುತ್ತೆ, ನನಗೆ ಜನಜಂಗುಳಿ ಆಗಲ್ಲ ಅಂತ ಬುಧವಾರ ಹೋಗಿದ್ದು.

ಚೌಕದ ಹಿಂದಿನ ಗಲ್ಲೀಲಿ ಐದೇ ಟೇಬಲ್ಲಿನ ಒಂದು ಹೋಟ್ಲು, ಅಡಿಗೆ ಮಾಡೋದು ಬಡಿಸೋದು ಎಲ್ಲಾ ಒಬ್ಬರೇ ಅಜ್ಜಿ. ಪಾಪ್ಪಾ ಅಲ್ ಪೊಮೊದೊರೊ ಅಂತ ಕೊಟ್ರು, ಉಪ್ಪಿಲ್ಲದ ಹಳೇ ಬ್ರೆಡ್ಡನ್ನ ಟೊಮೆಟೊ, ಬೆಳ್ಳುಳ್ಳಿ, ತುಳಸಿ ಥರದ ಸೊಪ್ಪು ಹಾಕಿ ಗೊಜ್ಜಿನ ಹಾಗೆ ಬೇಯ್ಸಿ ಮೇಲೆ ಹಸಿ ಆಲಿವ್ ಎಣ್ಣೆ. ಮಾಂಸದ ಸಾರು ಹಾಕಿದ್ದೀರಾ ಅಂತ ಕೇಳಿದ್ದಕ್ಕೆ ಅಜ್ಜಿ ಪಾತ್ರೇನೇ ಎತ್ತಿ ತೋರಿಸಿದ್ರು, ಬರೀ ನೀರು. ಎಂಟು ಯೂರೋ. ಜೊತೆಗೆ ಕಾಲು ಲೀಟರ್ ಹುಂಜದ ವೈನ್. ಹುಳಿ ಚೆರ್ರಿ ವಾಸನೆ, ಮೊದಲ ಗುಟುಕಿಗೆ ನೇರಳೆ ಹಣ್ಣು ತಿಂದಂಗೆ ನಾಲಿಗೆ ಹಿಡ್ಕೊಳ್ಳೋ ಒಗರು, ಬರಿದೇ ಕುಡಿದ್ರೆ ಒರಟು. ಆದ್ರೆ ಆ ಟೊಮೆಟೊ ಹುಳಿ, ಎಣ್ಣೆ ಜೊತೆ ಸೇರಿದ ಕೂಡ್ಲೇ ಒಗರೆಲ್ಲ ಮೆತ್ತಗಾಗಿ ಹಣ್ಣಿನ ರುಚಿ ಮೇಲೆ ಬಂತು. ಇದು ಊಟದ ಜೊತೇನೇ ಕುಡಿಯೋ ವೈನ್, ಟೂರಲ್ಲಿ ಖಾಲಿ ಹೊಟ್ಟೇಲಿ ಕುಡಿಸಿದ್ದೇ ತಪ್ಪು.

ಬಿಲ್ಲಲ್ಲಿ ತಲೆಗೆ ಎರಡು ಯೂರೋ ಕೊಪೆರ್ತೊ, ಅಂದ್ರೆ ಟೇಬಲ್ ಚಾರ್ಜು ಅಂತ ಇರುತ್ತೆ, ಅದು ಅಲ್ಲಿನ ರೂಢಿ, ಜಗಳ ಮಾಡ್ಬೇಡಿ.

ಕೊಳ್ಳೋದಾದ್ರೆ ಬಾಟಲಿ ಕತ್ತಲ್ಲೋ ಹಿಂದಿನ ಲೇಬಲ್ಲಲ್ಲೋ ಹುಂಜ ಇದ್ಯಾ ನೋಡಿ. ರಿಸೆರ್ವಾ ಅಂದ್ರೆ ಕನಿಷ್ಠ 24 ತಿಂಗಳು ಇಟ್ಟಿದ್ದು, ಮೊದಲ ಸಲಕ್ಕೆ ಅದು ಬೇಡ, ಮಾಮೂಲಿ ಕ್ಲಾಸಿಕೋನೇ ಸಾಕು. ಇಂಡಿಯಾಗೆ ಒಬ್ಬರಿಗೆ ಎರಡು ಲೀಟರ್ ತನಕ ಡ್ಯೂಟಿ ಇಲ್ಲ, ಅಂದ್ರೆ ಎರಡು ಬಾಟಲಿ ಆರಾಮಾಗಿ ತರಬಹುದು, ಜೀನ್ಸ್ ಪ್ಯಾಂಟಿನ ಕಾಲಲ್ಲಿ ತೂರ್ಸಿ ಸೂಟ್‌ಕೇಸ್ ಮಧ್ಯ ಇಟ್ರೆ ಒಡೆಯಲ್ಲ.